ಅಗ್ಗದ ಮ್ಯಾಂಡೋಲಿನ್ ಬ್ಲೂಗ್ರಾಸ್‌ಗೆ ಸಿದ್ಧವಾದ ಬಗೆ

ಅಮೆರಿಕದ ಜನಪದ ಶೈಲಿಯ ಬ್ಲೂಗ್ರಾಸ್ ಸಂಗೀತ ನುಡಿಸುವವರು ಹೊಸ ಮ್ಯಾಂಡೋಲಿನ್ ಕೈಗೆತ್ತಿಕೊಂಡಾಗ ಮೊದಲು ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ನೋಡಬೇಕು. ಜಿ ಮೇಜರ್‌ನ ಚಾಪ್ ಕಾರ್ಡ್. ಚಾಪ್ ಅಂದರೆ ತಾಳಕ್ಕೆ ಕೊಡುವ ಚುಟುಕು ಏಟು. ಮ್ಯಾಂಡೋಲಿನ್‌ನ ಎಂಟು ತಂತಿ ನಾಲ್ಕು ಜೋಡಿಗಳಲ್ಲಿರುತ್ತವೆ: ಜಿ, ಡಿ, ಎ, ಇ. ಜಿ ತಂತಿಯಲ್ಲಿ 7ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ), ಡಿ ತಂತಿಯಲ್ಲಿ 5, ಎ ತಂತಿಯಲ್ಲಿ 2, ಇ ತಂತಿಯಲ್ಲಿ 3. ತೋರುಬೆರಳು ಎ ಮೇಲೆ, ನಡುಬೆರಳು ಇ ಮೇಲೆ, ಉಂಗುರ ಬೆರಳು ಡಿ ಮೇಲೆ. ಕಿರುಬೆರಳು ಪೂರ್ತಿ ಚಾಚಿಕೊಂಡು ಜಿ ಮೇಲೆ. ಎಂಟೂ ತಂತಿ ಸ್ಪಷ್ಟವಾಗಿ ಕೇಳಿಸಿ, ನಾಲ್ಕೂ ಸ್ವರ ಒಂದಕ್ಕೊಂದು ಕೂಡಿ ಬಂದರೆ ವಾದ್ಯ ನುಡಿಸಲು ತಯಾರಿದೆ ಎಂದರ್ಥ.

ನಾನು ಈ ಸಲ ಸರಿಮಾಡಿದ ಅಗ್ಗದ ಮ್ಯಾಂಡೋಲಿನ್‌ನಲ್ಲಿ ಈ ಕಾರ್ಡ್ ಹಿಡಿದಾಗ ಜಿ ಜೋಡಿ ಬರೀ ಠಕ್ ಎನ್ನುತ್ತಿತ್ತು. ಕಿರುಬೆರಳು ಎಷ್ಟು ಒತ್ತಿದರೂ ತಂತಿ ಫ್ರೆಟ್‌ಗೆ ಸರಿಯಾಗಿ ತಾಗುತ್ತಿರಲಿಲ್ಲ. ಖಾಲಿ ತಂತಿಗಳ ಶ್ರುತಿ ಪಕ್ಕಾ ಇದ್ದರೂ ಎ ತಂತಿಯ 2ನೇ ಫ್ರೆಟ್ ಏರಿ ಕೇಳುತ್ತಿತ್ತು. ಗಿಟಾರ್, ಬ್ಯಾಂಜೋ, ಫಿಡಲ್ ನುಡಿಸಿ ಬಂದವರಿಗೆ ಕೈಯೂ ಕಿವಿಯೂ ಆಗಲೇ ಪಳಗಿರುತ್ತವೆ. ಆದರೂ ಎಷ್ಟೋ ಜನ ಇಂಥ ಒಂದು ಮ್ಯಾಂಡೋಲಿನ್ ಹಿಡಿದು, "ಇದು ನನ್ನ ಕೈಗೆ ಒಗ್ಗಲ್ಲ" ಅಂತ ಪಕ್ಕಕ್ಕಿಟ್ಟುಬಿಡುತ್ತಾರೆ. ತೊಂದರೆ ಅವರ ಕೈಯಲ್ಲಿಲ್ಲ. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ), ಬ್ರಿಡ್ಜ್ (ಒಡಲ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು), ಫ್ರೆಟ್ ಈ ಮೂರರಲ್ಲಿದೆ. ಮೂರನ್ನೂ ಮನೆಯಲ್ಲೇ ಸರಿಮಾಡಬಹುದು.

ಮೊದಲು ಆಯ್ಕೆಯ ಮಾತು. ನಾನು ತೆಗೆದುಕೊಂಡದ್ದು ಎ ಮಾದರಿ. ಅಂದರೆ ಹನಿಯಾಕಾರದ ಸಾದಾ ಒಡಲು, ಎಫ್ ಅಕ್ಷರದ ಆಕಾರದ ಎರಡು ರಂಧ್ರ. ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ಕೈಯಲ್ಲಿದ್ದ ಗಿಬ್ಸನ್ ಕಂಪನಿಯ ಎಫ್-5 ನೋಡಿ ಎಲ್ಲರಿಗೂ ಆ ಸುರುಳಿ ಇರುವ ಎಫ್ ಮಾದರಿಯ ಮೇಲೇ ಕಣ್ಣು. ಆಸೆ ಸಹಜ. ಗಿಬ್ಸನ್ ಎಫ್-5 ತಂದದ್ದು 1922ರಲ್ಲಿ. ಮನ್ರೋ ಅವರ ವಾದ್ಯದೊಳಗಿನ ಚೀಟಿಯಲ್ಲಿ ಗಿಬ್ಸನ್‌ನ ವಿನ್ಯಾಸಕ ಲಾಯ್ಡ್ ಲೋರ್ ಸಹಿಯೂ 1923ರ ಜುಲೈ 9 ಎಂಬ ತಾರೀಖೂ ಇವೆ. ಆದರೆ ಸುರುಳಿ ಕೆತ್ತುವುದು ತುಂಬಾ ಹೊತ್ತು ಹಿಡಿಯುವ ಕೆಲಸ, ಅದರಿಂದ ನಾದ ಹೆಚ್ಚುವುದೇನಿಲ್ಲ. ಅಗ್ಗದ ವಾದ್ಯದಲ್ಲಿ ಆ ಖರ್ಚು ಸುರುಳಿಗೆ ಹೋದರೆ ಮರಕ್ಕೂ ಫ್ರೆಟ್ ಕೆಲಸಕ್ಕೂ ಉಳಿಯುವುದು ಕಡಿಮೆ. ಅದೇ ಹಣಕ್ಕೆ ಎ ಮಾದರಿಯಲ್ಲಿ ಒಳ್ಳೆಯದು ಸಿಗುತ್ತದೆ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಮೇಲ್ಪದರ ಗಟ್ಟಿ ಮರದ್ದೋ ಪ್ಲೈವುಡ್ಡೋ ನೋಡಲು ಎಫ್ ರಂಧ್ರದ ಅಂಚಿಗೆ ಟಾರ್ಚ್ ಹಿಡಿಯಿರಿ. ಮೇಲಿನ ಗೆರೆಗಳೇ ಅಂಚಿನ ದಪ್ಪದಲ್ಲೂ ಕೆಳಗಿಳಿದಿದ್ದರೆ ಗಟ್ಟಿ ಸ್ಪ್ರೂಸ್ ಮರ. ಪದರದ ಮೇಲೆ ಪದರ ಕಂಡರೆ ಪ್ಲೈ. ನನ್ನದರಲ್ಲಿ ಮೇಲ್ಭಾಗ ಗಟ್ಟಿ ಮರ, ಹಿಂಭಾಗ ಪ್ಲೈ. ಕಲಿಯಲು ಇದು ಧಾರಾಳ ಸಾಕು.

ಕೆಲಸಕ್ಕೆ ಮುಂಚೆ ಅಳತೆ ಬರೆದಿಟ್ಟುಕೊಂಡೆ. 12ನೇ ಫ್ರೆಟ್ ಬಳಿ ಫ್ರೆಟ್‌ನಿಂದ ತಂತಿಯ ಎತ್ತರ: ಜಿ ಕಡೆ 3 ಮಿ.ಮೀ., ಇ ಕಡೆ 2.5. ಬ್ಲೂಗ್ರಾಸ್‌ಗೆ ಜಿ ಕಡೆ 1.6ರಿಂದ 2, ಇ ಕಡೆ 1.2ರಿಂದ 1.5 ಇದ್ದರೆ ಚೆನ್ನ. ಅದಕ್ಕಿಂತ ಕೆಳಗಿಳಿಸಿದರೆ ಜೋರಾಗಿ ಹೊಡೆದಾಗ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಚಾಪ್ ಅಂದರೆ ಜೋರಾಗಿ ಹೊಡೆಯುವುದೇ ಅಲ್ವಾ?

ಬ್ರಿಡ್ಜ್ ತಿರುಪು ಕಂಡ ಕೂಡಲೇ ಕೈ ಅಲ್ಲಿಗೇ ಹೋಗುತ್ತದೆ. ಅದು ಕೊನೆಯ ಕೆಲಸ. ಮೊದಲು ಕುತ್ತಿಗೆ ನೋಡಬೇಕು. ಜಿ ತಂತಿಯನ್ನು 1ನೇ ಫ್ರೆಟ್‌ನಲ್ಲೂ ಕುತ್ತಿಗೆ ಒಡಲಿಗೆ ಸೇರುವಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರಪಟ್ಟಿ ಆಗುತ್ತದೆ. ಆಗ 7ನೇ ಫ್ರೆಟ್ ಬಳಿ ತಂತಿಯ ಕೆಳಗೆ 0.1ರಿಂದ 0.2 ಮಿ.ಮೀ. ಸಂದು ಇರಬೇಕು. ಪ್ರಿಂಟ್ ತೆಗೆಯುವ ಸಾದಾ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಒಂದು ಹಾಳೆ ಸರಾಗವಾಗಿ ಹೋಗಿ, ಎರಡು ಮಡಿಕೆ ಬಿಗಿಯಾಗಿ ಹೋದರೆ ಸರಿ. ನನ್ನದರಲ್ಲಿ ನಾಲ್ಕು ಮಡಿಕೆ ಸಲೀಸಾಗಿ ಹೋಯಿತು. ಅಂದರೆ ಕುತ್ತಿಗೆ ಜಾಸ್ತಿ ಬಾಗಿದೆ. ಬಾಗು ಸರಿಪಡಿಸುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್‌ನ ಮುಚ್ಚಳ ತೆಗೆದು, ತಂತಿ ಸ್ವಲ್ಪ ಸಡಿಲಿಸಿ, ಅಲೆನ್ ಕೀಯಿಂದ ಪ್ರದಕ್ಷಿಣೆಯಾಗಿ ಕಾಲು ಸುತ್ತು ಬಿಗಿ ಮಾಡಿದೆ. ಮತ್ತೆ ಶ್ರುತಿಗೆ ತಂದು, ಅಳೆದು, ಇನ್ನು ಸ್ವಲ್ಪ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು. ಬಿಗಿ ಬಂದು ನಿಂತರೆ ಬಲ ಹಾಕಲೇಬಾರದು.

ಫ್ರೆಟ್‌ಗಳದ್ದು ಇಲ್ಲಿ ಸಣ್ಣ ಕೆಲಸ. ಮೂರು ಫ್ರೆಟ್ ಮೇಲೆ ಚಿಕ್ಕ ಲೋಹದ ಪಟ್ಟಿ ಇಟ್ಟು ಅಲ್ಲಾಡಿಸಿದರೆ ಎತ್ತರದ್ದು ಯಾವುದೆಂದು ಗೊತ್ತಾಗುತ್ತದೆ. 9ನೆಯದರ ಒಂದು ತುದಿ ಎದ್ದಿತ್ತು. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಕೂತಿತು. ಫಿಂಗರ್‌ಬೋರ್ಡ್ ಮರ ಒಣಗಿ ಕುಗ್ಗಿದ್ದರಿಂದ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುತ್ತಿದ್ದವು. ಅಂಚಿಗೆ ಟೇಪ್ ಹಚ್ಚಿ, ನಯವಾದ ಅರವನ್ನು ಓರೆ ಹಿಡಿದು ಎರಡೂ ಬದಿ ಉಜ್ಜಿದೆ.

ಇನ್ನು ಬ್ರಿಡ್ಜ್‌ನ ಪಾದ. ಇಡೀ ಕೆಲಸದಲ್ಲಿ ನಾದ ಬದಲಾಗುವುದು ಎಲ್ಲಕ್ಕಿಂತ ಹೆಚ್ಚು ಇಲ್ಲೇ. ಮ್ಯಾಂಡೋಲಿನ್‌ನ ಬ್ರಿಡ್ಜ್‌ಗೆ ಅಂಟಿಲ್ಲ. ತಂತಿಗಳ ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಎಂಟು ತಂತಿಗಳ ಎಳೆತ ಒಟ್ಟು 80 ಕಿಲೋ ಆಸುಪಾಸು. ಅದರಲ್ಲಿ ಕೆಳಮುಖವಾಗಿ ಬರುವ ಪಾಲು ಪಾದದ ಮೂಲಕ ಮೇಲ್ಪದರಕ್ಕೆ ಇಳಿಯಬೇಕು, ಕಂಪನವೂ ಅದೇ ದಾರಿಯಲ್ಲಿ. ಕಾರ್ಖಾನೆಯಿಂದ ಬರುವ ಪಾದ ಹೆಚ್ಚುಕಡಿಮೆ ಚಪ್ಪಟೆ. ಮೇಲ್ಪದರವೋ ಉಬ್ಬು. ನನ್ನ ವಾದ್ಯದಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಪಾದದ ಎರಡೂ ತುದಿಯ ಕೆಳಗೆ ಬೆಳಕಿನ ಗೆರೆ ಕಾಣುತ್ತಿತ್ತು. ತಗುಲಿದ್ದು ನಡುವಿಗೆ ಮಾತ್ರ.

ತಂತಿ ಬಿಚ್ಚುವ ಮೊದಲೇ ಬ್ರಿಡ್ಜ್ ನಿಂತ ಜಾಗಕ್ಕೆ ನಾಲ್ಕೂ ಕಡೆ ಪೇಂಟರ್ ಟೇಪ್ ಹಚ್ಚಿ ಗುರುತು ಮಾಡಿದೆ. ಆಮೇಲೆ ಆ ಜಾಗದ ಮೇಲೆ 80ರ ಉಪ್ಪುಕಾಗದವನ್ನು ಒರಟು ಮುಖ ಮೇಲಾಗಿ ಬಿಗಿಯಾಗಿ ಅಂಟಿಸಿದೆ. ಹೀಗೆ ಮಾಡಿದರೆ ಕಾಗದ ಆ ಮೇಲ್ಪದರದ ಉಬ್ಬನ್ನೇ ಪಡೆದುಕೊಳ್ಳುತ್ತದೆ. ಬ್ರಿಡ್ಜ್‌ನ ಕೆಳಭಾಗವನ್ನು ಅದರ ಮೇಲಿಟ್ಟು, ತಂತಿ ಹೋಗುವ ದಿಕ್ಕಿನಲ್ಲಿ ಮಾತ್ರ, ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಉಜ್ಜಬೇಕು. ಪಾದ ಓಲಾಡದಂತೆ ಎರಡು ಹೆಬ್ಬೆರಳುಗಳನ್ನೂ ಕೆಳಗೇ, ಕಾಗದದ ಹತ್ತಿರವೇ ಇಡಬೇಕು. ಮೇಲೆ ಹಿಡಿದರೆ ಪಾದ ವಾಲಿ, ಮುಂದಿನ ಅಂಚೂ ಹಿಂದಿನ ಅಂಚೂ ಜಾಸ್ತಿ ಸವೆದು ಅಡಿ ದುಂಡಗಾಗುತ್ತದೆ. ಬ್ರಿಡ್ಜ್‌ನ ಎಬೋನಿ ಮರದ ಕಪ್ಪು ಪುಡಿ ಕಾಗದ ತುಂಬಾ ಹರಡುತ್ತದೆ, ಆಗಾಗ ಒರೆಸುತ್ತಿರಿ.

ಎಲ್ಲಿ ತಗುಲುತ್ತಿದೆ ಎಂದು ನೋಡಲು ಸೀಮೆಸುಣ್ಣ ಒಳ್ಳೆಯದು. ಟೇಪ್ ಹಚ್ಚಿದ ಜಾಗಕ್ಕೆ ಸೀಮೆಸುಣ್ಣ ಸವರಿ, ಬ್ರಿಡ್ಜ್ ಇಟ್ಟು ಒತ್ತಿ ಎತ್ತಿದರೆ ಪಾದದ ಅಡಿಯಲ್ಲಿ ಬಿಳಿ ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಅನ್ನುವುದು ಕಪ್ಪು ಮರದ ಮೇಲೆ ಸ್ಪಷ್ಟ. ಮೊದಲು ನಡುವೆ ಒಂದು ಪಟ್ಟೆ ಮಾತ್ರ. ಉಜ್ಜುತ್ತಾ ಹೋದ ಹಾಗೆ ಪಟ್ಟೆ ಅಗಲವಾಗಿ ತುದಿಗಳತ್ತ ಸರಿಯಿತು. ಪೂರ್ತಿ ಅಡಿ ಬಿಳಿಯಾದ ಮೇಲೆ 120, ಆಮೇಲೆ 220ರ ಕಾಗದದಲ್ಲಿ ಗೀರು ತೆಗೆದೆ. ಈಗ ಟಾರ್ಚ್ ಬೆಳಕು ಎಲ್ಲೂ ನುಸುಳುವುದಿಲ್ಲ. ತಂತಿ ಕಟ್ಟಿ ನುಡಿಸಿದಾಗ ಜಿ ತಂತಿಯಲ್ಲಿ ಮುಂಚೆ ಇರದಿದ್ದ ತೂಕ ಬಂತು. ಚಾಪ್ ಹೊಡೆದಾಗಿನ ಕಟಕಟ ಹೋಗಿ ಗುಂಡಗಿನ ಏಟು ಕೇಳಿಸಿತು. ಬ್ರಿಡ್ಜ್ ಬದಲಿಸದೆ, ಇದ್ದದ್ದನ್ನೇ ಉಜ್ಜಿದ್ದಕ್ಕೆ ಇಷ್ಟು ಫಲ!

ಬ್ರಿಡ್ಜ್‌ನ ಮೇಲ್ತುಂಡು ತಿರುಗುಮುರುಗಾಗಿ ಕೂತಿದೆಯಾ ಅಂತಲೂ ನೋಡಿ. ಅದರ ಮೇಲೆ ಮೆಟ್ಟಿಲುಗಳಿರುತ್ತವೆ. ತಂತಿ ಊರುವ ಅಂಚು ಇ ತಂತಿಗೆ ಕುತ್ತಿಗೆಯ ಕಡೆ, ಎಗೆ ಹಿಂದೆ, ಡಿಗೆ ಮತ್ತೆ ಮುಂದೆ, ಜಿಗೆ ಹಿಂದೆ. ಡಿ ತಂತಿಯಿಂದ ಆಚೆಗೆ ಸುತ್ತು ಹಾಕಿದ ತಂತಿಗಳು ಶುರುವಾಗುವುದರಿಂದ ಈ ಅಂಕುಡೊಂಕು. ತಿರುಗಿಸಿ ಕೂಡಿಸಿದ್ದರೆ ಎಷ್ಟು ಸರಿಸಿದರೂ ಶ್ರುತಿ ಕೂಡುವುದಿಲ್ಲ.

ಈಗ ನಟ್. ಎಡಗೈಗೆ ನೋವು ಕೊಡುವುದು ಹೆಚ್ಚಾಗಿ ಇದೇ. ಪರೀಕ್ಷೆ ಸುಲಭ. ತಂತಿಯನ್ನು 2ನೇ ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು, 1ನೇ ಫ್ರೆಟ್ ಮೇಲೆ ತಂತಿಯನ್ನು ಉಗುರಿನಿಂದ ತಟ್ಟಿ ನೋಡಿ. ಸಣ್ಣದಾಗಿ ಟಿಕ್ ಎನ್ನುವಷ್ಟು, ಕೂದಲೆಳೆಯಷ್ಟು ಸಂದು ಸಾಕು. ನನ್ನದರಲ್ಲಿ ಅಲ್ಲಿ ಅರ್ಧ ಮಿ.ಮೀ. ಸಂದಿತ್ತು. ತಂತಿಯನ್ನು ಅಷ್ಟು ಕೆಳಗೆ ತಳ್ಳಿದಾಗ ಅದು ಹಿಗ್ಗಿ ಸ್ವರ ಏರುತ್ತದೆ. ನಟ್‌ಗೆ ಹತ್ತಿರವಿರುವ ಫ್ರೆಟ್‌ಗಳಲ್ಲಿ ಏರಿಕೆ ಜಾಸ್ತಿ. ಎ ತಂತಿಯ 2ನೇ ಫ್ರೆಟ್ ಏರಿ ಕೇಳುತ್ತಿದ್ದುದು ಇದರಿಂದಲೇ.

ನಟ್ ಕೊರೆಯುವ ಅರಗಳು ತಂತಿಯ ದಪ್ಪಕ್ಕೆ ತಕ್ಕಂತೆ ಸಿಗುತ್ತವೆ. ಇ ತಂತಿಗೆ ಇಂಚಿನ 0.011, ಜಿಗೆ 0.040ರ ಹತ್ತಿರದ್ದು ಬೇಕು. ಸೆಟ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಗ್ಯಾಸ್ ವೆಲ್ಡಿಂಗ್‌ನ ನಾಜಲ್ ಚೊಕ್ಕ ಮಾಡುವ ಸಣ್ಣ ಕಡ್ಡಿಗಳಿಂದಲೂ ಕೆಲಸ ಆಗುತ್ತದೆ. ಒರಟು ಮೈಯ ತೆಳು ಕಡ್ಡಿಗಳು ಅವು, ಬೇರೆ ಬೇರೆ ದಪ್ಪದಲ್ಲಿರುತ್ತವೆ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನಾನು ಫೀಲರ್ ಗೇಜ್ ಬಳಸುತ್ತೇನೆ. 1ನೇ ಫ್ರೆಟ್‌ನ ಎತ್ತರಕ್ಕೆ 0.1 ಮಿ.ಮೀ. ಸೇರಿಸಿ ಅಷ್ಟು ದಪ್ಪದ ಗೇಜ್ ತಗಡುಗಳನ್ನು ನಟ್‌ನ ಮುಂದೆ ಫಿಂಗರ್‌ಬೋರ್ಡ್ ಮೇಲೆ ಇಡಬೇಕು. ಅರ ತಗಡಿಗೆ ತಾಗಿ ಸದ್ದು ಬದಲಾದ ಕೂಡಲೇ ಆ ಗಾಡಿಯ (ನಟ್‌ನಲ್ಲಿ ತಂತಿ ಕೂರುವ ಸೀಳು) ಕೆಲಸ ಮುಗಿಯಿತು. ಕೈ ಹಿಡಿತದ ಮೇಲೆ ಭರವಸೆ ಇಡಬೇಕಿಲ್ಲ, ತಗಡೇ ತಡೆಯುತ್ತದೆ.

ಗಾಡಿ ಹಿಂದಕ್ಕೆ, ಟ್ಯೂನರ್ (ತಂತಿ ಬಿಗಿಸುವ ಬಿರಟೆ) ಕಡೆಗೆ ಇಳಿಜಾರಾಗಿರಬೇಕು. ತಂತಿ ಊರಬೇಕಾದದ್ದು ನಟ್‌ನ ಮುಂದಿನ ಅಂಚಿನಲ್ಲಿ ಮಾತ್ರ. ಗಾಡಿಯ ಅಡಿ ಸಮತಟ್ಟಾದರೆ ತಂತಿ ಅದರ ಮೇಲೆ ಸವರಿಕೊಂಡು ಜುಯ್ ಎನ್ನುತ್ತದೆ. ತಂಬೂರಿಗೆ ಜೀವಾಳ ಇಟ್ಟು ಬೇಕೆಂದೇ ತರಿಸುವ ನಾದದಂತೆ. ಇಲ್ಲಿ ಅದು ಬೇಡ. ಗಾಡಿ ಆಳವಾಗಿಬಿಟ್ಟರೆ ಸ್ವಲ್ಪ ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಒಂದು ಹನಿ ಬಿಡಬಹುದು, ಕಲ್ಲಿನಂತಾಗುತ್ತದೆ, ಮತ್ತೆ ಕೊರೆಯಬಹುದು. ಕೊನೆಗೆ ಪ್ರತಿ ಗಾಡಿಗೂ ಪೆನ್ಸಿಲ್ ಸೀಸ ಉಜ್ಜಿದೆ. ಅಗ್ಗದ ಮ್ಯಾಂಡೋಲಿನ್‌ನಲ್ಲಿ ಶ್ರುತಿ ನಿಲ್ಲುವುದಿಲ್ಲ ಅಂತ ಟ್ಯೂನರ್‌ಗೆ ಬೈಯುವುದು ಜಾಸ್ತಿ. ಬಹಳ ಸಲ ತಂತಿ ಸಿಕ್ಕಿಕೊಳ್ಳುವುದು ನಟ್‌ನಲ್ಲಿ. ತಿರುಗಿಸಿದಾಗ ಟಿಂಗ್ ಎಂದು ಸದ್ದು ಬಂದು ಸ್ವರ ಹಾರಿದರೆ ಅದೇ ಗುರುತು.

ಇದೆಲ್ಲ ಆದ ಮೇಲೆ ಬ್ರಿಡ್ಜ್‌ನ ಎತ್ತರ. ತಂತಿ ಸಡಿಲಿಸಿಯೇ ತಿರುಪು ತಿರುಗಿಸಿ, ಬಿಗಿ ಇದ್ದಾಗ ತಿರುಗಿಸಿದರೆ ಅದರ ಹಲ್ಲು ಸವೆಯುತ್ತದೆ. 12ನೇ ಫ್ರೆಟ್ ತಂತಿಯ ಸರಿಯಾಗಿ ನಡುವೆ ಇರುವುದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಸಲು ಬ್ರಿಡ್ಜ್ 1 ಮಿ.ಮೀ. ಇಳಿಯಬೇಕು. ನನ್ನದು ಈಗ ಜಿ ಕಡೆ 1.7, ಇ ಕಡೆ 1.3.

ಆಮೇಲೆ ಬ್ರಿಡ್ಜ್‌ನ ಜಾಗ. ಹೆಚ್ಚಿನ ಮ್ಯಾಂಡೋಲಿನ್‌ಗಳಲ್ಲಿ ತಂತಿಯ ಉದ್ದ 13 7/8 ಇಂಚು, ಅಂದರೆ 352 ಮಿ.ಮೀ. ನಟ್‌ನಿಂದ 12ನೇ ಫ್ರೆಟ್‌ಗೆ 176. ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ, ಮೇಲೆ ಒಂದೆರಡು ಮಿ.ಮೀ. ಅಲ್ಲಿ ನಿಲ್ಲಿಸಿ ಶ್ರುತಿ ತೋರಿಸುವ ಟ್ಯೂನರ್ ಯಂತ್ರ ಹಚ್ಚಿ, 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ತಾಗಿಸಿ ಮಾತ್ರ ಬರಿಸುವ) ಸ್ವರವನ್ನೂ ಒತ್ತಿ ನುಡಿಸಿದ ಸ್ವರವನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು ಹಿಂದಕ್ಕೆ, ಟೇಲ್‌ಪೀಸ್ (ತಂತಿಗಳ ಕೊನೆ ಸಿಕ್ಕಿಸುವ ಲೋಹದ ಭಾಗ) ಕಡೆಗೆ ಸರಿಸಿ. ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಜಿ ಮತ್ತು ಇ ಎರಡನ್ನೂ ನೋಡಿ ಸಮ ಮಾಡಿದರೆ ನಡುವಿನವು ತಾವೇ ಹತ್ತಿರ ಬರುತ್ತವೆ. ಎಫ್ ರಂಧ್ರದ ಒಳಗಿನ ಕಚ್ಚುಗಳ ನೇರಕ್ಕೆ ಬ್ರಿಡ್ಜ್ ನಿಲ್ಲಬೇಕು ಅನ್ನುತ್ತಾರೆ. ಅಗ್ಗದ ವಾದ್ಯದಲ್ಲಿ ಆ ಕಚ್ಚನ್ನು ನಂಬಬೇಡಿ, ಕಿವಿಯನ್ನೂ ಟ್ಯೂನರನ್ನೂ ನಂಬಿ.

ಸಣ್ಣಪುಟ್ಟ ಸದ್ದುಗಳೂ ಇದ್ದವು. ಟೇಲ್‌ಪೀಸ್ ಮುಚ್ಚಳದ ಒಳಗೆ ಫೆಲ್ಟ್ ತುಂಡು ಅಂಟಿಸಿದ್ದಕ್ಕೆ ಗಿಲಗಿಲ ನಿಂತಿತು. ಬ್ರಿಡ್ಜ್ ಮತ್ತು ಟೇಲ್‌ಪೀಸ್ ನಡುವಿನ ತುಂಡು ತಂತಿಗಳು ಚಾಪ್ ಹೊಡೆದ ಮೇಲೂ ಮಿಣಮಿಣ ಎನ್ನುತ್ತಿರುತ್ತವೆ. ಅಲ್ಲಿ ಚರ್ಮದ ಕಿರಿದಾದ ಪಟ್ಟಿಯನ್ನು ತಂತಿಗಳ ಮೇಲೆ ಕೆಳಗೆ ಹೆಣೆದೆ. ಚಾಪ್ ಚುರುಕಾಗಿ ನಿಲ್ಲಬೇಕಾದರೆ ಇದು ಮುಖ್ಯ.

ತಂತಿ ಯಾವುದು ಹಾಕಬೇಕು? ಡಿ'ಅಡ್ಡಾರಿಯೋ ಕಂಪನಿಯ ಜೆ74 ಬ್ಲೂಗ್ರಾಸ್‌ನಲ್ಲಿ ತುಂಬಾ ಜನ ಹಾಕುವ ಮೀಡಿಯಂ ಸೆಟ್, ಇಂಚಿನಲ್ಲಿ: 0.011, 0.015, 0.026, 0.040. ಚಾಪ್‌ಗೆ ಬೇಕಾದ ಬಿಗಿ ಅದರಲ್ಲಿದೆ. ಫಿಡಲ್‌ನಿಂದ ಬಂದವರ ಬೆರಳ ತುದಿ ಮೊದಮೊದಲು ನೊಂದರೆ ಲೈಟ್ ಸೆಟ್‌ನಿಂದ ಶುರುಮಾಡಲಿ. ನಟ್ ಗಾಡಿ ಕೊರೆಯುವ ಮುಂಚೆಯೇ ಇದನ್ನು ತೀರ್ಮಾನಿಸಿಕೊಳ್ಳಿ. ಮ್ಯಾಂಡೋಲಿನ್ ತಂತಿಯ ಕೊನೆಯಲ್ಲಿ ಕುಣಿಕೆ ಇರುತ್ತದೆ, ಟ್ಯೂನರ್ ಸುತ್ತುವಾಗ ಅದು ಕೊಕ್ಕೆಯಿಂದ ಜಾರಿ ಬೇಸರ ತರಿಸುತ್ತದೆ. ನಿಮ್ಮ ಹತ್ತಿರ ಗಿಟಾರ್ ಅಥವಾ ಬ್ಯಾಂಜೋ ಕೇಪೋ (ಕುತ್ತಿಗೆಗೆ ಹಾಕುವ ಕ್ಲಿಪ್) ಇದ್ದೇ ಇರುತ್ತದಲ್ಲ. ಅದನ್ನು ಕುತ್ತಿಗೆಗೆ ಹಾಕಿ ತಂತಿ ಹಿಡಿದಿಟ್ಟರೆ ಕುಣಿಕೆ ಅಲುಗುವುದಿಲ್ಲ. ಒಂದೊಂದೇ ತಂತಿ ಬದಲಿಸಿದರೆ ಬ್ರಿಡ್ಜ್ ಜಾಗ ಬಿಟ್ಟು ಕದಲದು.

ಜೋಡಿ ತಂತಿಯ ಶ್ರುತಿಗೆ ಟ್ಯೂನರ್ ಯಂತ್ರ ಒಂದು ತಂತಿಗೆ ಮಾತ್ರ ಸಾಕು. ಎರಡನೆಯದನ್ನು ಕಿವಿಯಿಂದ ಕೂಡಿಸಿ. ಒಂದು 440, ಇನ್ನೊಂದು 441 ಇದ್ದರೆ ಸೆಕೆಂಡಿಗೆ ಒಂದು ಅಲೆ ಕೇಳುತ್ತದೆ. ಅಲೆ ನಿಧಾನವಾಗುತ್ತಾ ನಿಂತಾಗ ಜೋಡಿ ಕೂಡಿತು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ.

ಕೈಗೆ ಬಂದ ಮೇಲೆ ಯಾರಿಗೆ ಯಾವುದು ಸುಲಭ ಅನ್ನುವುದು ಹಳೆಯ ವಾದ್ಯದ ಮೇಲೆ ಹೋಗುತ್ತದೆ. ಫಿಡಲ್ ಬಲ್ಲವರಿಗೆ ಜಿ-ಡಿ-ಎ-ಇ ಅದೇ ಶ್ರುತಿ, ಬೆರಳೂ ಅವೇ. ಬ್ಲೂಗ್ರಾಸ್ ಕಲಾವಿದರಾದ ರಿಕಿ ಸ್ಕ್ಯಾಗ್ಸ್, ಸ್ಯಾಮ್ ಬುಷ್ ಇಬ್ಬರೂ ಎರಡನ್ನೂ ನುಡಿಸುವವರು. ಬೆರಳು ಸ್ವರದ ಮೇಲೆ ಇಡದೆ ಫ್ರೆಟ್‌ನ ಹಿಂಬದಿಗೇ ಒತ್ತಿ ಇಡುವುದನ್ನು ಮಾತ್ರ ಕಲಿಯಬೇಕು. ಪಿಕ್ ಹಿಡಿಯುವ ಕೈ ಹೊಸದಾಗಿ ಬೆಳೆಯಬೇಕು.

ಗಿಟಾರ್‌ನವರಿಗೆ ಬಲಗೈ ಸಿದ್ಧ. ಎಡಗೈಯಲ್ಲಿ ಒಂದು ಫ್ರೆಟ್‌ಗೆ ಒಂದು ಬೆರಳು ಎಂಬ ಅಭ್ಯಾಸ ಬಿಡಬೇಕು. ಗಿಟಾರ್‌ನ ಮೊದಲ ಫ್ರೆಟ್ ಅಂತರ ಸುಮಾರು 36 ಮಿ.ಮೀ., ಇಲ್ಲಿ 20ಕ್ಕೂ ಸ್ವಲ್ಪ ಕಡಿಮೆ. ಹಾಗಾಗಿ ಒಂದು ಬೆರಳು ಎರಡು ಫ್ರೆಟ್ ನೋಡಿಕೊಳ್ಳುತ್ತದೆ. ತೋರುಬೆರಳು 1-2, ನಡುಬೆರಳು 3-4, ಉಂಗುರ 5-6, ಕಿರುಬೆರಳು 7. ಗಿಟಾರ್‌ನ ದಪ್ಪ ಕಡೆಯ ನಾಲ್ಕು ತಂತಿ ಇ-ಎ-ಡಿ-ಜಿ. ಅದನ್ನೇ ತಲೆಕೆಳಗಾಗಿ ಓದಿದರೆ ಮ್ಯಾಂಡೋಲಿನ್. ಆದ್ದರಿಂದ ಗೊತ್ತಿರುವ ಕಾರ್ಡ್ ಆಕಾರಗಳೇ ತಿರುಗಿ ಸಿಗುತ್ತವೆ. ಬ್ಯಾಂಜೋದವರಿಗೆ ಬಲಗೈ ಕೆಲಸ ಎಲ್ಲರಿಗಿಂತ ಜಾಸ್ತಿ. ಮೂರು ಬೆರಳಿನ ರೋಲ್ ಬಿಟ್ಟು ಒಂದೇ ಪಿಕ್‌ನಲ್ಲಿ ಕೆಳಗೆ-ಮೇಲೆ ಹೋಗಬೇಕು. ಮೆಲ್ಲಗೆ, ಮೆಟ್ರೊನೋಮ್ ಜೊತೆ ಮಾಡಿ. ಪಿಕ್ ದಪ್ಪ ಇರಲಿ, 1.2ರಿಂದ 1.5 ಮಿ.ಮೀ. ಮೂಲೆ ದುಂಡಗಿದ್ದರೆ ಇನ್ನೂ ಒಳ್ಳೆಯದು.

ಹಳೆಯ ಬ್ಲೂಗ್ರಾಸ್ ತಂಡದಲ್ಲಿ ಡ್ರಮ್ ಇಲ್ಲ. ಬೇಸ್ ವಾದ್ಯ 1 ಮತ್ತು 3ನೇ ಎಣಿಕೆಯಲ್ಲಿ ಬಂದರೆ ಮ್ಯಾಂಡೋಲಿನ್ ಚಾಪ್ 2 ಮತ್ತು 4ರಲ್ಲಿ. ಆ ಏಟು ಸಣ್ಣದಾಗಿ, ಒಣದಾಗಿ ಬರಬೇಕು. ಹೊಡೆದ ಕ್ಷಣದಲ್ಲೇ ಎಡಗೈ ಬೆರಳು ಸಡಿಲಿಸಬೇಕು, ತಂತಿ ಬಿಟ್ಟು ಎತ್ತಬಾರದು. 7-5-2-3ನ್ನು ಎರಡು ಫ್ರೆಟ್ ಮೇಲೆ ಸರಿಸಿದರೆ ಎ ಮೇಜರ್: 9-7-4-5. ಸಿಗೆ ಮೇಲಿನ ಮೂರು ಜೋಡಿ ತಂತಿ ಸಾಕು: ಜಿ 5, ಡಿ 2, ಎ 3. ಡಿಗೆ ಅದನ್ನೇ ಎರಡು ಫ್ರೆಟ್ ಮುಂದೆ: 7, 4, 5. ಇ ಜೋಡಿ ಮುಟ್ಟುವುದು ಬೇಡ. ಜಿ, ಸಿ, ಡಿ ಈ ಮೂರು ಹಿಡಿತ ಬಂದರೆ ಜಿ ಸ್ವರದ ಅನೇಕ ಹಾಡುಗಳಿಗೆ ಜೊತೆ ಕೂರಬಹುದು.

ಮನ್ರೋ ಅವರ ಎಫ್-5 ಅನ್ನು 1985ರಲ್ಲಿ ಅವರ ಮನೆಗೆ ನುಗ್ಗಿದ ಯಾರೋ ಒಡೆದು ಚೂರು ಮಾಡಿದ್ದರು. ಗಿಬ್ಸನ್‌ನ ಚಾರ್ಲಿ ಡೆರಿಂಗ್ಟನ್ ಆ ಚೂರುಗಳನ್ನೆಲ್ಲ ಕೂಡಿಸಿ ಮತ್ತೆ ವಾದ್ಯ ಮಾಡಿದರು, ಮನ್ರೋ ಅದನ್ನೇ ಮತ್ತೆ ನುಡಿಸಿದರು. ನಟ್‌ನ ಒಂದು ಗಾಡಿ ಕೊರೆಯಲು ಹೆದರುವವರಿಗೆ ನಾನು ಈ ಕೆಲಸವನ್ನು ನೆನಪಿಸುತ್ತೇನೆ.

ನನ್ನ ಮ್ಯಾಂಡೋಲಿನ್‌ನಲ್ಲಿ ಬಾಕಿ ಉಳಿದದ್ದು ಟ್ಯೂನರ್ ಒಂದೇ. ಹಲ್ಲಿಗೆ ಒಂದೊಂದು ಹನಿ ಎಣ್ಣೆ ಬಿಟ್ಟಿದ್ದೇನೆ, ಸದ್ಯಕ್ಕೆ ನಡೆಯುತ್ತದೆ. ಹೊಸ ತಂತಿ ಹಿಗ್ಗಿ ನೆಲೆ ನಿಲ್ಲುವವರೆಗೆ ಶ್ರುತಿ ಪದೇಪದೇ ನೋಡಬೇಕು. ಪ್ರತಿ ಸಲ ಬಿಗಿ ಮಾಡಿದಾಗಲೂ ತಂತಿಗಳು ಬ್ರಿಡ್ಜ್‌ನ ತಲೆಯನ್ನು ಕುತ್ತಿಗೆಯ ಕಡೆಗೆ ಎಳೆಯುತ್ತವೆ. ಪಕ್ಕದಿಂದ ನೋಡಿ, ವಾಲಿದ್ದರೆ ಎರಡೂ ಕೈಯಿಂದ ಮೆಲ್ಲಗೆ ಹಿಂದಕ್ಕೆ ನೆಟ್ಟಗೆ ಮಾಡಿ. ಹವೆ ತುಂಬಾ ಒಣಗಿದಾಗ ಮೇಲ್ಪದರ ತಗ್ಗಿ ತಂತಿ ಇಳಿಯುತ್ತದೆ, ತೇವ ಹೆಚ್ಚಾದಾಗ ಏರುತ್ತದೆ. ಆಗ ತಿರುಪನ್ನು ಚೂರು ತಿರುಗಿಸಿದರೆ ಸಾಕು. ಪಾದವೂ ನಟ್ಟೂ ಸರಿಯಿದ್ದರೆ ಉಳಿದದ್ದನ್ನು ಮತ್ತೆ ಮುಟ್ಟಬೇಕಾಗಿ ಬರುವುದು ಅಪರೂಪ.